ದಾಖಲೆ ಇಲ್ಲದ ಗಾಯ

ಕಡತ ಎಂಬ ಮಾತನ್ನು ಇಂದು ನಾವು ಸರಕಾರಿ ಕಚೇರಿಯ ಫೈಲು ಎಂಬ ಅರ್ಥದಲ್ಲಿ ಬಳಸುತ್ತೇವೆ. ಶ್ರೀಮಠದ ಹಳೆಯ ಮರದ ಪೆಟ್ಟಿಗೆಯನ್ನು ತೆರೆದು ನೋಡಿದವರಿಗೆ ಅದರ ಮೂಲಾರ್ಥ ತಿಳಿದೀತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ನಾವು ಶ್ರೀಮಠದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ನಮ್ಮ ಹಿರಿಯ ಗುರುಗಳು, ಭಕ್ತರ ಬಾಯಲ್ಲಿ ದೊಡ್ಡ ಬುದ್ದಿಯವರು, ವರ್ಷಕ್ಕೊಮ್ಮೆ ಆ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಹಜಾರದ ಮುಂದಣ ಬಿಸಿಲಿನಲ್ಲಿ ಹರಡಿಸಿ, ಸಂಜೆ ಬೇವಿನ ಎಲೆಯೊಡನೆ ಮತ್ತೆ ಒಳಗಿಡಿಸುತ್ತಿದ್ದರು. ಮಂಗಗಳು ಬಾರದಂತೆ ಕೋಲು ಹಿಡಿದು ಕಾಯುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ಯಾರೂ ಓದದ ಲೆಕ್ಕಗಳನ್ನು ಇಷ್ಟು ಜತನದಿಂದ ಕಾಯುವುದೇಕೆಂದು ಆಗ ಬೇಸರಪಡುತ್ತಿದ್ದೆವು. ಆ ಬೇಸರಕ್ಕೆ ತಕ್ಕ ಉತ್ತರ ನಮಗೆ ದೊರೆತದ್ದು ಬಹಳ ವರ್ಷಗಳ ಅನಂತರ, ಸಮುದ್ರದಾಚೆಯ ಒಂದು ಊರಿನಲ್ಲಿ.

೨೦೧೨ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ನೆಲೆಸಿರುವ ಭಕ್ತರ ಆಹ್ವಾನದ ಮೇರೆಗೆ ನಾವು ಆ ದೇಶಕ್ಕೆ ಹೋಗಿದ್ದೆವು. ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ ಶ್ರೀಮಠದ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಹತ್ತು ದಿನ ನಮ್ಮ ವಾಸ್ತವ್ಯವಿತ್ತು. ಅವರ ನೆರೆಮನೆಯಲ್ಲಿ ಎಂಬತ್ತೊಂದು ವರ್ಷದ ವೃದ್ಧರೊಬ್ಬರಿದ್ದರು. ಪಕ್ಕದ ಮನೆಗೆ ಮಾಂಸಾಹಾರ ಮುಟ್ಟದ ಅತಿಥಿಯೊಬ್ಬರು ಬಂದಿದ್ದಾರೆಂದು ಕೇಳಿ, ತಮ್ಮ ಹಿತ್ತಲಿನಲ್ಲಿ ಬೆಳೆದ ಟೊಮೆಟೊ ಹಣ್ಣುಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಎರಡನೆಯ ದಿನವೇ ಬಂದರು. ಸ್ವಾಮಿ ಎಂಬುದು ನಮ್ಮ ಹೆಸರೆಂದೇ ಅವರು ತಿಳಿದಿದ್ದರು. ಅದನ್ನು ತಿದ್ದುವ ಅಗತ್ಯ ನಮಗೆ ಕಾಣಲಿಲ್ಲ.

ಅವರು ಕೊರಿಯಾ ಯುದ್ಧದಲ್ಲಿ ಕಾದಿದ ಯೋಧರು. ೧೯೫೧ರ ವಸಂತದಲ್ಲಿ, ಇಪ್ಪತ್ತು ವರ್ಷದ ಹರೆಯದಲ್ಲಿ, ಹೆಸರಿಗಿಂತ ಎತ್ತರದ ಅಂಕಿಯಿಂದಲೇ ಗುರುತಿಸಲಾಗುತ್ತಿದ್ದ ಒಂದು ಗುಡ್ಡದ ಮೇಲೆ ಅವರ ಎಡತೋಳಿಗೆ ಮಾರ್ಟರ್ ಗುಂಡಿನ ಚೂರು ಹೊಕ್ಕಿತು. ತುಕಡಿಯ ವೈದ್ಯಸಹಾಯಕ ಹೊಂಡದೊಳಗೇ ಕುಳಿತು ಚಿಮಟದಿಂದ ಆ ಚೂರನ್ನು ಕಿತ್ತು, ಗಾಯ ಕಟ್ಟಿ, ಆಸ್ಪತ್ರೆಗೆ ಹೋಗುತ್ತೀಯಾ ಎಂದು ಕೇಳಿದ. ಇವರು ಒಲ್ಲೆನೆಂದರು. ಮರುದಿನ ಆ ವೈದ್ಯಸಹಾಯಕನೇ ಗುಂಡಿಗೆ ಬಲಿಯಾದ. ಈ ಗಾಯದ ಕಥೆ ಇಷ್ಟೇ. ಅಂಗಿಯ ತೋಳನ್ನು ಮಡಿಚಿ ಅವರು ತೋರಿಸಿದ ಕಲೆ ಹುಣಿಸೆಯ ಬೀಜಕ್ಕಿಂತ ದೊಡ್ಡದಿರಲಿಲ್ಲ.

ಶತ್ರುವಿನಿಂದ ಗಾಯಗೊಂಡ ಯೋಧನಿಗೆ ಅಮೆರಿಕದ ಸೇನೆ ಪರ್ಪಲ್ ಹಾರ್ಟ್ ಎಂಬ ಪದಕವನ್ನು ಕೊಡುತ್ತದೆ. ೧೭೮೨ರಲ್ಲಿ ಜಾರ್ಜ್ ವಾಷಿಂಗ್ಟನ್ ಸ್ಥಾಪಿಸಿದ ಒಂದು ಬಿರುದನ್ನು ೧೯೩೨ರಲ್ಲಿ, ಅವನ ಇನ್ನೂರನೆಯ ಹುಟ್ಟುಹಬ್ಬದಂದು, ಈ ಹೆಸರಿನಿಂದ ಪುನರುಜ್ಜೀವನಗೊಳಿಸಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಜಪಾನಿನ ನೆಲದ ಮೇಲೆ ಕಾಲಿಡಬೇಕಾದೀತೆಂದು ಎಣಿಸಿ, ಈ ಪದಕಗಳನ್ನು ಲಕ್ಷಗಟ್ಟಲೆ ಎರಕಹೊಯ್ದು ಉಗ್ರಾಣದಲ್ಲಿಟ್ಟರಂತೆ. ಆ ದಾಳಿ ನಡೆಯಲಿಲ್ಲ. ಹಾಗೆ ಉಳಿದ ಪದಕಗಳು ಮುಂದೆ ಹಲವು ದಶಕಗಳ ಯುದ್ಧಗಳಿಗೂ ಸಾಕಾದವು. ಪದಕಗಳಿಗೆ ಎಂದೂ ಕೊರತೆಯಿರಲಿಲ್ಲ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ನಮ್ಮ ವೃದ್ಧ ಮಿತ್ರರು ಐವತ್ತು ವರ್ಷ ಅದನ್ನು ಕೇಳಲಿಲ್ಲ. ಕೈಕಾಲು ಕಳೆದುಕೊಂಡವರ ಸಾಲಿನಲ್ಲಿ ತಾವು ನಿಲ್ಲುವುದು ಸರಿಯಲ್ಲವೆಂಬ ಸಂಕೋಚ ಅವರಿಗಿತ್ತು. ಮೊಮ್ಮಗನೊಬ್ಬ ತೋಳಿನ ಕಲೆ ಯಾವುದೆಂದು ಕೇಳಿ, ಅದನ್ನು ಶಾಲೆಯ ಪ್ರಬಂಧದಲ್ಲಿ ಬರೆದ ಮೇಲೆ ಅರ್ಜಿ ಹಾಕಿದರು. ಆರು ತಿಂಗಳಿಗೆ ಉತ್ತರ ಬಂತು. ತಮ್ಮ ಸೇವಾ ಕಡತ ೧೯೭೩ರ ಬೆಂಕಿಯಲ್ಲಿ ನಾಶವಾಗಿರುವ ಸಂಭವವಿದೆ, ಗಾಯವನ್ನೂ ಚಿಕಿತ್ಸೆಯನ್ನೂ ದೃಢಪಡಿಸುವ ದಾಖಲೆ ಲಭ್ಯವಿಲ್ಲದ ಕಾರಣ ಕೋರಿಕೆಯನ್ನು ಮನ್ನಿಸಲು ಬರುವುದಿಲ್ಲ. ಪತ್ರ ಸೌಜನ್ಯದಿಂದಲೇ ಇತ್ತು. ತಮ್ಮ ಸೇವೆಗೆ ದೇಶ ಋಣಿಯಾಗಿದೆ ಎಂಬ ಸಾಲೂ ಕೊನೆಯಲ್ಲಿತ್ತು.

ಆ ಬೆಂಕಿ ಬಿದ್ದದ್ದು ನಾವು ಕುಳಿತು ಮಾತನಾಡುತ್ತಿದ್ದ ಅದೇ ಊರಿನ ಮಗ್ಗುಲಲ್ಲಿ. ಸೇಂಟ್ ಲೂಯಿಸ್ ನಗರಕ್ಕೆ ಹೊಂದಿಕೊಂಡ ಓವರ್‌ಲ್ಯಾಂಡ್ ಎಂಬಲ್ಲಿ ಸೇನಾ ಸಿಬ್ಬಂದಿಯ ದಾಖಲೆಗಳ ರಾಷ್ಟ್ರೀಯ ಕೇಂದ್ರವಿತ್ತು. ೧೯೫೬ರಲ್ಲಿ ತೆರೆದ ಆರಂತಸ್ತಿನ ಆ ವಿಶಾಲ ಕಟ್ಟಡದ ಶಿಲ್ಪಿ, ಮುಂದೆ ನ್ಯೂಯಾರ್ಕಿನ ಅವಳಿ ಗೋಪುರಗಳನ್ನು ರೂಪಿಸಿದ ಮಿನೋರು ಯಮಸಾಕಿ. ದಾಖಲೆಗಳಿದ್ದ ಅಂತಸ್ತುಗಳಲ್ಲಿ ಬೆಂಕಿ ತಡೆಯುವ ಅಡ್ಡಗೋಡೆಗಳಿರಲಿಲ್ಲ, ನೀರು ಚಿಮ್ಮುವ ಕೊಳವೆಗಳೂ ಇರಲಿಲ್ಲ. ಕೊಳವೆ ಒಡೆದರೆ ಕಾಗದ ನೆನೆದು ಹಾಳಾದೀತೆಂಬ ಭಯ ಆ ಕಾಲದ ದಾಖಲೆಪಾಲಕರಲ್ಲಿತ್ತಂತೆ. ೧೯೭೩ರ ಜುಲೈ ೧೨ರಂದು ಮಧ್ಯರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ ಆರನೆಯ ಅಂತಸ್ತಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಸುತ್ತಲಿನ ೪೨ ಅಗ್ನಿಶಾಮಕ ವಿಭಾಗಗಳವರು ಬಂದರು. ಬೆಂಕಿ ಪೂರ್ಣವಾಗಿ ಆರಿತೆಂದು ಸಾರಲು ನಾಲ್ಕು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು. ಬೆಂಕಿಗೆ ಕಾರಣವೇನೆಂಬುದು ಖಚಿತವಾಗಿ ಗೊತ್ತಾಗಲೇ ಇಲ್ಲ.

ಸುಟ್ಟದ್ದೆಷ್ಟು? ಸುಮಾರು ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷ ಯೋಧರ ಕಡತಗಳು. ೧೯೧೨ರ ನವೆಂಬರ್ ೧ರಿಂದ ೧೯೬೦ರ ಜನವರಿ ೧ರವರೆಗೆ ಭೂಸೇನೆಯಿಂದ ಬಿಡುಗಡೆ ಹೊಂದಿದವರಲ್ಲಿ ನೂರಕ್ಕೆ ೮೦ ಮಂದಿಯ ದಾಖಲೆ ಹೋಯಿತು. ಎರಡು ಮಹಾಯುದ್ಧಗಳೂ ಕೊರಿಯಾ ಯುದ್ಧವೂ ಇದರೊಳಗೆ ಬಂದವು. ವಾಯುಸೇನೆಯದು ಇನ್ನೂ ವಿಚಿತ್ರ. ಅಲ್ಲಿ ೧೯೪೭ರಿಂದ ೧೯೬೪ರ ಆರಂಭದವರೆಗಿನ ಕಡತಗಳಲ್ಲಿ ಅಕ್ಷರಕ್ರಮದಲ್ಲಿ ಹಬ್ಬರ್ಡ್ ಎಂಬ ಹೆಸರಿನ ಮುಂದೆ ಬರುವವರ ಕಡತಗಳು ಬೆಂದವು, ಹಿಂದಿನವರವು ಉಳಿದವು. ಹೆಸರಿನ ಮೊದಲಕ್ಷರವೇ ಒಬ್ಬನ ಶೌರ್ಯ ಉಳಿಯುವುದನ್ನೋ ಅಳಿಯುವುದನ್ನೋ ನಿರ್ಣಯಿಸಿತು. ಈ ಕಡತಗಳಿಗೆ ನಕಲಿರಲಿಲ್ಲ, ಚಿತ್ರಸುರುಳಿಯಲ್ಲಿ ತೆಗೆದಿಟ್ಟಿರಲಿಲ್ಲ, ಏನೇನು ಇದ್ದುವೆಂಬ ಸೂಚಿಯೂ ಇರಲಿಲ್ಲ. ಆದ್ದರಿಂದ ಯಾರದು ಹೋಯಿತೆಂದು ಹೇಳಲು ಸಹ ದಾರಿಯಿರಲಿಲ್ಲ.

ಆದರೆ ಬೆಂಕಿ ಆರಿದ ಮೇಲೆ ಅಲ್ಲಿಯವರು ಕೈಕಟ್ಟಿ ಕೂರಲಿಲ್ಲ. ಈ ಭಾಗವನ್ನು ನಮ್ಮ ಆತಿಥೇಯರು ತಾವು ಸಂಗ್ರಹಿಸಿಟ್ಟಿದ್ದ ಲೇಖನಗಳಿಂದ ನಮಗೆ ಓದಿ ಹೇಳಿದರು. ನೆನೆದು, ಅರ್ಧ ಕರಿಕಾದ ಕಾಗದದ ಕಂತೆಗಳನ್ನು ಹಾಲಿನ ಬಾಟಲಿ ಸಾಗಿಸುವ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ತುಂಬಿದರು. ಬೂಷ್ಟು ಹಿಡಿಯದಂತೆ ಔಷಧಿ ಸಿಂಪಡಿಸಿದರು. ಆ ಊರಿನಲ್ಲಿದ್ದ ವಿಮಾನ ಕಾರ್ಖಾನೆಯೊಂದರಲ್ಲಿ ಆಕಾಶನೌಕೆಗಳನ್ನು ಪರೀಕ್ಷಿಸಲು ಕಟ್ಟಿದ ನಿರ್ವಾತ ಕೋಣೆಯೊಂದಿತ್ತು. ಒಂದು ಸಲಕ್ಕೆ ಸುಮಾರು ಎರಡು ಸಾವಿರ ಬುಟ್ಟಿಗಳಂತೆ ಅದರೊಳಗಿಟ್ಟು ಕಾಗದದ ನೀರನ್ನು ಹೀರಿಸಿದರು. ಹೀಗೆ ಸುಮಾರು ೬೫ ಲಕ್ಷ ಕಡತಗಳು ಪೂರ್ತಿಯಾಗಿಯೋ ಅಂಚು ಸುಟ್ಟೋ ಉಳಿದವು. ಹೋದವುಗಳ ಬದಲಿಗೆ ಬೇರೆ ಕಚೇರಿಗಳಲ್ಲಿದ್ದ ಸಂಬಳದ ಚೀಟಿಗಳನ್ನೂ, ಪ್ರತಿ ತುಕಡಿಯೂ ದಿನವೂ ಬರೆಯುತ್ತಿದ್ದ ಮಾರ್ನಿಂಗ್ ರಿಪೋರ್ಟ್ ಎಂಬ ವರದಿಗಳನ್ನೂ ಹುಡುಕಿ ತಂದರು. ೧೯೮೮ರಲ್ಲಿ ಆಸ್ಪತ್ರೆಗಳಿಗೆ ಸೇರಿದ ಯೋಧರ ವಿವರಗಳಿರುವ ಒಂದು ದೊಡ್ಡ ರಾಶಿ ವಿಜ್ಞಾನ ಅಕಾಡೆಮಿಯೊಂದರ ಬಳಿ ಸಿಕ್ಕಿತು. ಅದರಲ್ಲಿ ಹೆಸರುಗಳಿಲ್ಲ, ಸೈನಿಕ ಸಂಖ್ಯೆಗಳು ಮಾತ್ರ. ತನ್ನ ಸಂಖ್ಯೆಯನ್ನು ನೆನಪಿಟ್ಟುಕೊಂಡವನಿಗೆ ತನ್ನ ಗಾಯ ಅಲ್ಲಿ ಸಿಕ್ಕೀತು.

ನಮ್ಮ ಮಿತ್ರರು ಸಂಖ್ಯೆಯನ್ನು ಮರೆತಿರಲಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಆದರೆ ಅವರು ಆಸ್ಪತ್ರೆಗೇ ಹೋಗಲಿಲ್ಲವಲ್ಲ! ದಿನದ ವರದಿಯಲ್ಲಿ ತುಕಡಿ ಬಿಟ್ಟು ಹೋದವನ, ಮರಳಿ ಬಂದವನ ಹೆಸರು ಬರುತ್ತದೆಯೇ ಹೊರತು, ಗಾಯ ಕಟ್ಟಿಸಿಕೊಂಡು ಅದೇ ಹೊಂಡದಲ್ಲಿ ನಿಂತವನ ಹೆಸರು ಬರುವುದಿಲ್ಲ. ಬಿಡುಗಡೆಯಾದಾಗ ಕೊಟ್ಟ ಪತ್ರದ ಒಂದು ಪ್ರತಿ ಅವರಲ್ಲಿತ್ತು. ಅದರಲ್ಲಿ ಯುದ್ಧದಲ್ಲಿ ಆದ ಗಾಯಗಳು ಎಂಬ ಮನೆಯ ಮುಂದೆ ಗುಮಾಸ್ತನೊಬ್ಬ ಇಲ್ಲ ಎಂದು ಬೆರಳಚ್ಚು ಮಾಡಿದ್ದ. ಊರಿಗೆ ಹೋಗುವ ಅವಸರದಲ್ಲಿದ್ದ ಇವರು ಓದದೆ ರುಜು ಹಾಕಿದ್ದರು.

ಇನ್ನೊಂದು ದಾರಿ ಉಳಿದಿತ್ತು. ಕಣ್ಣಾರೆ ಕಂಡವರ ಹೇಳಿಕೆ. ಎರಡು ವರ್ಷ ಹುಡುಕಿ, ಬೇರೆ ಸಂಸ್ಥಾನದ ವೃದ್ಧಾಶ್ರಮವೊಂದರಲ್ಲಿದ್ದ ಹಳೆಯ ಸಂಗಾತಿಯನ್ನು ಪತ್ತೆಹಚ್ಚಿದರು. ಆತ ಸಂತೋಷದಿಂದ ಎರಡು ಪುಟ ಬರೆದು ಕಳುಹಿಸಿದ. ಗುಡ್ಡ, ಮಳೆ, ಸತ್ತ ವೈದ್ಯಸಹಾಯಕನ ಹೆಸರು, ಎಲ್ಲವೂ ಸರಿಯಾಗಿತ್ತು. ಗಾಯ ಮಾತ್ರ ಬಲತೋಳಿಗೆ ಆಯಿತೆಂದು ಬರೆದಿದ್ದ. ತಿದ್ದಿ ಬರೆಯುವಂತೆ ಕೇಳಬಹುದಿತ್ತಲ್ಲ ಎಂದೆವು. “ಅವನಿಗೆ ನೆನಪಿರುವುದು ಹಾಗೆ, ಸ್ವಾಮಿ. ನಾನು ಹೇಳಿಕೊಟ್ಟು ಬರೆಸಿದರೆ ಅದು ಅವನ ಸಾಕ್ಷ್ಯವಾಗುವುದಿಲ್ಲ” ಎಂದರು. ಪತ್ರವನ್ನು ಹಾಗೆಯೇ ಕಳುಹಿಸಿದರು. ಅರ್ಜಿ ಎರಡನೆಯ ಸಲವೂ ತಿರಸ್ಕೃತವಾಯಿತು.

ನಮಗೆ ಕೋಪ ಬಂದಿತ್ತು. ವಿಚಿತ್ರವೆಂದರೆ, ಅವರು ಆ ಕಚೇರಿಯ ಪರವಾಗಿಯೇ ಮಾತನಾಡಿದರು. ನಾವು ಅಲ್ಲಿದ್ದ ಆ ಬೇಸಿಗೆಯಲ್ಲೇ, ಜೂನ್ ೨೮ರಂದು, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತ್ತು. ತನಗೆ ದೇಶದ ಅತ್ಯುಚ್ಚ ಶೌರ್ಯಪದಕ ಬಂದಿದೆಯೆಂದು ಸಭೆಯೊಂದರಲ್ಲಿ ಸುಳ್ಳು ಹೇಳಿದವನೊಬ್ಬನ ಮೊಕದ್ದಮೆ ಅದು. ಅಂತಹ ಸುಳ್ಳನ್ನೇ ಅಪರಾಧವೆನ್ನುವ ೨೦೦೫ರ ಕಾನೂನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತ್ತು. ಮರುವರ್ಷ, ಸುಳ್ಳಿನಿಂದ ಲಾಭ ಪಡೆಯುವವರನ್ನು ಮಾತ್ರ ಶಿಕ್ಷಿಸುವ ಬೇರೆ ಕಾನೂನು ಬಂತು. ವೃತ್ತಪತ್ರಿಕೆಯನ್ನು ತೋರಿಸಿ ಅವರು ಹೇಳಿದರು: “ಇಂಥವರಿದ್ದಾರೆ. ಆ ಮೇಜಿನ ಹಿಂದೆ ನಾನು ಕುಳಿತಿದ್ದರೂ ಕಾಗದ ಕೇಳುತ್ತಿದ್ದೆ. ನನಗೆ ನೋವಿರುವುದು ಅವರು ಕೊಡಲಿಲ್ಲವೆಂದಲ್ಲ. ನನ್ನ ಕಾಗದವನ್ನು ಇಟ್ಟುಕೊಂಡವರು ಅವರು. ಕಳೆದವರೂ ಅವರೇ. ಹುಡುಕುವ ಕೆಲಸ ಮಾತ್ರ ನನ್ನದಾಯಿತು.”

ನಿಮ್ಮ ಕಡೆ ಯೋಧರನ್ನು ಹೇಗೆ ನೆನೆಯುತ್ತಾರೆ ಎಂದು ಒಂದು ಸಂಜೆ ಅವರು ಕೇಳಿದರು. ನಾವು ವೀರಗಲ್ಲುಗಳ ವಿಷಯ ಹೇಳಿದೆವು. ಊರಿಗಾಗಿ ಸತ್ತವನ ಯುದ್ಧವನ್ನು ಕಲ್ಲಿನಲ್ಲಿ ಕಡೆದು ಊರಬಾಗಿಲಲ್ಲೋ ಗುಡಿಯ ಮುಂದೋ ನಿಲ್ಲಿಸುತ್ತಿದ್ದುದು, ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದುದು, ಎಲ್ಲವನ್ನೂ ವಿವರಿಸಿದೆವು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನೂ ಹೇಳಿದೆವು. ಕ್ರಿ.ಶ. ೯೪೯ರ ಸುಮಾರಿಗೆ, ಗಂಗರ ಬೂತುಗ ತನ್ನ ವೀರನಾದ ಮಣಲೆರನಿಗೆ ಮೆಚ್ಚಿ ಬೇಕಾದ್ದನ್ನು ಬೇಡೆಂದಾಗ, ಅವನು ಕಾಳಿ ಎಂಬ ಬೇಟೆನಾಯನ್ನು ಬೇಡಿ ಪಡೆದ. ಆ ನಾಯಿ ದೊಡ್ಡ ಹಂದಿಯೊಡನೆ ಕಾದಿ, ಎರಡೂ ಸತ್ತುವು. ನಾಯಿಯ ನೆನಪಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಕೇಳಿ ವೃದ್ಧರು ಬಹಳ ಹೊತ್ತು ನಕ್ಕರು. “ಹಾಗಾದರೆ ಸಾವಿರ ವರ್ಷದ ಹಿಂದಣ ನಾಯಿಯ ಕಾಗದಪತ್ರ ನನ್ನದಕ್ಕಿಂತ ಸರಿಯಾಗಿದೆ!”

ಅವರು ನಕ್ಕರು. ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವನ್ನು ಸದ್ಭಕ್ತರ ಮುಂದೆ ಮುಚ್ಚಿಡುವುದು ಸರಿಯಲ್ಲ.

ಅದಕ್ಕೆ ಮೂರು ವರ್ಷ ಹಿಂದೆ, ೨೦೦೯ರಲ್ಲಿ, ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಶ್ರೀಮಠಕ್ಕೆ ಬಂದಿದ್ದಳು. ೧೯೮೪ರ ಜಾತ್ರೆಯಲ್ಲಿ ದೊಡ್ಡ ಬುದ್ದಿಯವರು ನಡೆಸಿದ ಸಾಮೂಹಿಕ ವಿವಾಹದಲ್ಲಿ ಅವಳ ಮದುವೆಯಾಗಿತ್ತು. ಗಂಡ ಸೈನ್ಯದಲ್ಲಿದ್ದು, ಪಿಂಚಣಿಯ ಮೇಲೆ ಊರಿಗೆ ಬಂದು, ಆ ವರ್ಷ ತೀರಿಕೊಂಡಿದ್ದ. ಸೈನಿಕನು ಮದುವೆಯಾದರೆ ಅದನ್ನು ಪಲ್ಟನ್ನಿಗೆ ತಿಳಿಸಿ, ಪಾರ್ಟ್ ಟೂ ಆರ್ಡರ್ ಎಂಬ ಆದೇಶದಲ್ಲಿ ಹೆಂಡತಿಯ ಹೆಸರು ಪ್ರಕಟವಾಗಿ ಕಡತ ಸೇರಬೇಕು. ರಜೆಯಲ್ಲಿ ಬಂದು ಮದುವೆಯಾಗಿ ಹೋದ ಆತ ಅದನ್ನು ಮಾಡಿಸಿರಲಿಲ್ಲ. ಕುಟುಂಬ ಪಿಂಚಣಿಗೆ ಹೋದರೆ ಮದುವೆಯ ದಾಖಲೆ ತನ್ನಿ ಎಂದರು. ಅವಳು ಮಠಕ್ಕೆ ಬಂದಳು. ನಮ್ಮ ಪಾರುಪತ್ತೇಗಾರರು ವಿವಾಹದ ರಿಜಿಸ್ಟರನ್ನು ತೆಗೆದರೆ ಆ ವರ್ಷದ ಪುಟಗಳನ್ನು ಗೆದ್ದಲು ತಿಂದು ಜಾಲರಿ ಮಾಡಿತ್ತು. ಪೆಟ್ಟಿಗೆಯನ್ನು ಬಿಸಿಲಿಗಿಡುವ ಪದ್ಧತಿಯನ್ನು ನಮ್ಮ ಕಾಲದಲ್ಲಿ ನಾವೇ ಬಿಟ್ಟಿದ್ದೆವು. ಬಿಟ್ಟೆವೆಂಬುದೂ ನಮಗೆ ಗೊತ್ತಾಗಿರಲಿಲ್ಲ.

ದಾಖಲೆಗಳು ಲಭ್ಯವಿಲ್ಲದ ಕಾರಣ ದೃಢೀಕರಿಸಲು ಬರುವುದಿಲ್ಲ ಎಂದು ಶ್ರೀಮಠದ ಮೊಹರು ಒತ್ತಿ ಒಂದು ಸಾಲಿನ ಪತ್ರ ಕೊಟ್ಟೆವು. ಕಾಣದ್ದನ್ನು ಕಂಡೆನೆಂದು ಬರೆಯಲಾಗದು ಎಂಬುದು ನಮ್ಮ ಸಮರ್ಥನೆ. ೧೯೮೪ರಲ್ಲಿ ಹದಿನಾರರ ಬಾಲಕರಾಗಿದ್ದ ನಾವು ಅದೇ ಚಪ್ಪರದಲ್ಲಿ ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದೆವು, ಆದರೆ ವಧುಗಳ ಮುಖ ನೆನಪಿನಲ್ಲಿರಲಿಲ್ಲ. ಪತ್ರವನ್ನು ಯಾರಿಂದಲೋ ಓದಿಸಿಕೊಂಡು ಅವಳು ಮರಳಿ ಬಂದು ಕೇಳಿದಳು:

“ಬುದ್ದಿ, ಮಠದಾಗೆ ಇಲ್ಲ ಅಂದ್ರೆ ನಾನು ಅವರ ಹೆಂಡ್ತಿ ಅಲ್ವಾ?”

“ಹಾಗಲ್ಲ ತಾಯಿ, ಪುಸ್ತಕದಲ್ಲಿ ಇಲ್ಲ ಅಷ್ಟೆ” ಎಂದು ಹೇಳಿ, ಪ್ರಸಾದ ಮಾಡಿಕೊಂಡು ಹೋಗೆಂದು ಕಳುಹಿಸಿದೆವು. ಅವಳು ಪ್ರಸಾದಕ್ಕೆ ನಿಲ್ಲಲಿಲ್ಲವೆಂದು ಅಡುಗೆಯವರು ಆಮೇಲೆ ಹೇಳಿದರು.

ಸೇಂಟ್ ಲೂಯಿಸ್ ನಗರದ ಆ ರಾತ್ರಿ ನಮ್ಮನ್ನು ಕಾಡಿದ್ದು ಇಷ್ಟು. ಅಲ್ಲಿ ಒಂದೂಮುಕ್ಕಾಲು ಕೋಟಿ ಕಡತ ಸುಟ್ಟ ಮೇಲೂ ಹಾಲಿನ ಬುಟ್ಟಿ ಹೊತ್ತರು, ಸಂಬಳದ ಚೀಟಿ ಹುಡುಕಿದರು. ನಾವು ಒಂದು ಪುಸ್ತಕದ ಕೆಲವು ಪುಟ ಕಳೆದುಕೊಂಡು, ಒಂದು ಸಾಲು ಬರೆದು, ಕೈತೊಳೆದುಕೊಂಡಿದ್ದೆವು. ಅದೇ ಚಪ್ಪರದಲ್ಲಿ ಮದುವೆಯಾದ ಬೇರೆ ದಂಪತಿಗಳು ಯಾರಿದ್ದಾರೆಂದು ಸಹ ಅವಳನ್ನು ಕೇಳಿರಲಿಲ್ಲ.

ಊರಿಗೆ ಮರಳಿದ ವಾರದಲ್ಲೇ ಹುಡುಕಾಟ ಪ್ರಾರಂಭಿಸಿದೆವು. ಆಮಂತ್ರಣ ಪತ್ರಿಕೆಯಲ್ಲಿ ವಧೂವರರ ಹೆಸರಿರಲಿಲ್ಲ. ಭಾವಚಿತ್ರಗಳಲ್ಲಿ ಗಣ್ಯರೇ ತುಂಬಿದ್ದರು. ಕೊನೆಗೆ ಉಗ್ರಾಣದ ಅಟ್ಟದ ಮೇಲೆ, ದವಸದ ಲೆಕ್ಕದ ಪುಸ್ತಕಗಳ ನಡುವೆ, ಆ ವರ್ಷದ ಜಾತ್ರೆಯ ಖರ್ಚಿನ ಪುಸ್ತಕ ಸಿಕ್ಕಿತು. ಮದುಮಕ್ಕಳಿಗೆ ಕೊಟ್ಟ ತಾಳಿ, ಸೀರೆ, ಪಂಚೆಗಳ ಲೆಕ್ಕವನ್ನು ದೊಡ್ಡ ಬುದ್ದಿಯವರು ಜೋಡಿವಾರು ಬರೆಸಿ, ಪಡೆದವರ ರುಜು ಹಾಕಿಸಿದ್ದರು. ಹನ್ನೊಂದನೆಯ ಜೋಡಿ ಅವಳದು. ದಿನಾಂಕವಿತ್ತು. ತಾಳಿ ಒಂದು, ಸೀರೆ ಒಂದು, ಪಂಚೆ ಒಂದು. ಗಂಡನ ರುಜು ದುಂಡಗಿನ ಅಕ್ಷರದಲ್ಲಿತ್ತು. ಅದರ ಕೆಳಗೆ ಅವಳ ಎಡಗೈ ಹೆಬ್ಬೆಟ್ಟು. ಸೀರೆಯ ಲೆಕ್ಕ ತಪ್ಪದಿರಲೆಂದು ಬರೆಸಿದ ಸಾಲು ಅದು.

ಆ ಪುಟವನ್ನೂ, ಅದೇ ಪುಸ್ತಕದಿಂದ ಪತ್ತೆಯಾದ ಮೂರು ದಂಪತಿಗಳ ಪ್ರಮಾಣಪತ್ರಗಳನ್ನೂ ಸೇರಿಸಿ, ಅಕ್ಷತೆಯ ತಟ್ಟೆ ಹಿಡಿದಿದ್ದ ನಮ್ಮ ಹೇಳಿಕೆಯನ್ನೂ ಬರೆದು ಕಳುಹಿಸಿದೆವು. ಮುಖ ನೆನಪಿಲ್ಲವೆಂಬುದನ್ನೂ ಅದರಲ್ಲಿ ಮುಚ್ಚಿಡಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಪಿಂಚಣಿ ಮಂಜೂರಾಯಿತು. ಅವಳು ಆದೇಶವನ್ನು ತಂದು ತೋರಿಸಿದಳು. ಮೂರು ವರ್ಷ ಕೂಲಿಗೆ ಹೋದ ಕೈ ಅದು. ನಾವು ಕ್ಷಮೆ ಕೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯಿತು. ಅವಳು ಆ ಪುಸ್ತಕವನ್ನು ನೋಡಬೇಕೆಂದಳು. ತಂದು ತೆರೆದೆವು. ಹೆಬ್ಬೆಟ್ಟನ್ನು ಬಿಟ್ಟು ಗಂಡನ ರುಜುವಿನ ಮೇಲೆ ಬೆರಳಿಟ್ಟು, “ಆವತ್ತು ಕೈ ನಡುಗ್ತಿತ್ತು ಅವರಿಗೆ” ಎಂದಳು.

ಅಮೆರಿಕದ ಮಿತ್ರರಿಗೆ ಈ ವೃತ್ತಾಂತವನ್ನೆಲ್ಲ ಬರೆದು ತಿಳಿಸಿದ್ದೆವು. ಅವರು ೨೦೧೬ರಲ್ಲಿ ತೀರಿಕೊಂಡರು. ಪದಕ ಬರಲಿಲ್ಲ. ಎರಡು ವರ್ಷದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿ ಒಂದು ವೃತ್ತಪತ್ರಿಕೆಯ ತುಣುಕನ್ನು ಕಳುಹಿಸಿದರು. ಕೆಂಟಕಿಯ ಗಾರ್ಲಿನ್ ಕಾನರ್ ಎಂಬ ಯೋಧ ೧೯೪೫ರ ಜನವರಿ ೨೪ರಂದು ಫ್ರಾನ್ಸಿನ ಹೂಸೆನ್ ಬಳಿ ತೋರಿದ ಸಾಹಸಕ್ಕೆ, ಅವನು ಸತ್ತ ಇಪ್ಪತ್ತು ವರ್ಷಗಳ ಮೇಲೆ, ೨೦೧೮ರ ಜೂನ್ ೨೬ರಂದು ಅತ್ಯುಚ್ಚ ಪದಕವನ್ನು ಅವನ ಪತ್ನಿ ಪಾಲೀನಳ ಕೈಗೆ ಕೊಟ್ಟರು. ಇಪ್ಪತ್ತೆರಡು ವರ್ಷ ನಡೆದ ಪ್ರಯತ್ನ ಅದು. ಹೊಸದಾಗಿ ಸಿಕ್ಕ ಮೂವರು ಪ್ರತ್ಯಕ್ಷದರ್ಶಿಗಳ ಹೇಳಿಕೆಗಳನ್ನು ಅವಧಿ ಮೀರಿತೆಂದು ಒಮ್ಮೆ ನ್ಯಾಯಾಲಯದಲ್ಲೂ ತಳ್ಳಿಹಾಕಿದ್ದರು. ಆ ತುಣುಕಿನ ಅಂಚಿನಲ್ಲಿ ನಮ್ಮ ವಿದ್ಯಾರ್ಥಿ ಬರೆದಿದ್ದರು: “ನೆರೆಮನೆಯ ತಾತನವರ ಮೊಮ್ಮಗ ಬಲತೋಳಿನ ಪತ್ರವನ್ನು ಇನ್ನೂ ಇಟ್ಟುಕೊಂಡಿದ್ದಾನೆ.”

ಶ್ರೀಮಠದ ಪೆಟ್ಟಿಗೆಯನ್ನು ಈಗ ಪ್ರತಿ ವರ್ಷ ಮಾಘದಲ್ಲಿ ಬಿಸಿಲಿಗೆ ಇಡಿಸುತ್ತೇವೆ. ಉಗ್ರಾಣದ ಪುಸ್ತಕಗಳ ಛಾಯಾಪ್ರತಿಗಳನ್ನು ತೆಗೆಸಿ ಎರಡು ಕಡೆ ಇರಿಸಲಾಗಿದೆ. ಆದರೆ ೧೯೭೯ರಿಂದ ೧೯೯೧ರವರೆಗಿನ ಸಾಮೂಹಿಕ ವಿವಾಹದ ರಿಜಿಸ್ಟರುಗಳಲ್ಲಿಯೂ, ಅದೇ ಅವಧಿಯ ವಿದ್ಯಾರ್ಥಿನಿಲಯದ ಹಾಜರಿ ಪುಸ್ತಕಗಳಲ್ಲಿಯೂ ಅನೇಕ ಪುಟಗಳು ಉಳಿದಿಲ್ಲ. ಆ ವರ್ಷಗಳಲ್ಲಿ ಇಲ್ಲಿ ಮದುವೆಯಾದವರು, ಓದಿದವರು, ತಮ್ಮಲ್ಲಿರುವ ಭಾವಚಿತ್ರ, ಚೀಟಿ, ರಸೀದಿ ಏನೇ ಇದ್ದರೂ ಯಾವ ಸೋಮವಾರವಾದರೂ ತಂದು ತೋರಿಸಿದರೆ ನಕಲು ತೆಗೆದುಕೊಂಡು ಮೂಲವನ್ನು ಅಂದೇ ಮರಳಿ ಕೊಡಲಾಗುವುದು. ಏನೂ ಇಲ್ಲದವರೂ ಬರಬೇಕು. ಅವರು ಹೇಳುವುದನ್ನು ಬರೆದುಕೊಳ್ಳಲು ನಾವೇ ಕುಳಿತಿರುತ್ತೇವೆ.